ಪದಕ್ಕೊದಗಿದ ಮದ್ದಳೆ

ಚರ್ಮವಾದ್ಯಗಳ ಉತ್ಪತ್ತಿಯನ್ನು ಹೇಳುವಲ್ಲಿ ಭರತಮುನಿಯು ನಾಟ್ಯಶಾಸ್ತ್ರದೊಳಗೆ ಸ್ವಾತಿಯೆಂಬ ಋಷಿಯ ವೃತ್ತಾಂತವೊಂದನ್ನು ಸೇರಿಸಿರುವನು. ಅನಧ್ಯಯನದ ಒಂದು ದಿನ, ಆಕಾಶವು ಮೋಡಗಳಿಂದ ಕವಿದಿರಲು, ಸ್ವಾತಿಯು ನೀರನ್ನು ತರುವುದಕ್ಕೆಂದು ಸರೋವರಕ್ಕೆ ಹೋದನು. ಅಷ್ಟರಲ್ಲಿ ಮಳೆಯು ಸುರಿಯತೊಡಗಿತು. ಹಿರಿದು, ನಡುತರ, ಕಿರಿದು ಎಂಬ ಮೂರು ಪರಿಯ ತಾವರೆಯೆಲೆಗಳ ಮೇಲೆ ಬಿದ್ದ ಹನಿಗಳು ಬೇರೆಬೇರೆಯಾದ ನಾದಗಳನ್ನು ಹೊರಡಿಸಿದುವು. ಮುನಿಯು ಅವನ್ನು ಕಿವಿಗೊಟ್ಟು ಕೇಳಿ, ಮನಸ್ಸಿನಲ್ಲಿಟ್ಟುಕೊಂಡು ಆಶ್ರಮಕ್ಕೆ ಮರಳಿ, ವಿಶ್ವಕರ್ಮನ ನೆರವಿನಿಂದ ಪುಷ್ಕರವಾದ್ಯಗಳನ್ನು ನಿರ್ಮಿಸಿದನಂತೆ. ಕಥೆಯು ಚಿಕ್ಕದಾದರೂ ಅದರ ತಾತ್ಪರ್ಯವು ಚಿಕ್ಕದಲ್ಲ. ಮೊದಲನೆಯ ಮೃದಂಗವು ಹುಟ್ಟಿದುದು ಬಡಿಯುವ ಕೈಯಿಂದಲ್ಲ, ಕೇಳುವ ಕಿವಿಯಿಂದ. ಈ ಮಾತನ್ನು ಮರೆತ ವಾದಕನು ಎಷ್ಟು ಚುರುಕಾಗಿ ನುಡಿಸಿದರೂ ಸ್ವಾತಿಯ ಸಂಪ್ರದಾಯಕ್ಕೆ ಸೇರಿದವನಾಗಲಾರನು.

ನಮ್ಮ ಕುಮಟೆ, ಹೊನ್ನಾವರ, ಭಟ್ಕಳ ಸೀಮೆಗಳಲ್ಲಿ ಯಕ್ಷಗಾನದ ರಸಿಕರಿಗೆ ಕೊರತೆಯಿಲ್ಲ. ಆಟ ಮುಗಿದ ಮರುದಿನ ಇಂಥ ವೇಷವು ಹೀಗಿತ್ತು, ಇಂಥ ಭಾಗವತರ ಪದವು ಹಾಗಿತ್ತು ಎಂದು ಕಟ್ಟೆಗಳ ಮೇಲೆ ಕುಳಿತು ವಿಮರ್ಶಿಸುವವರು ಊರೂರಿನಲ್ಲಿಯೂ ಇರುವರು. ಆದರೆ ಆ ಪದದ ಕೆಳಗೆ ರಾತ್ರಿಯೆಲ್ಲ ನೆಲಗಟ್ಟಿನಂತಿದ್ದ ಮದ್ದಳೆಯ ಸುದ್ದಿಯು ಆ ಮಾತುಕತೆಯಲ್ಲಿ ಬರುವುದು ಅಪೂರ್ವ. ಬಂದರೂ ‘ಮದ್ದಳೆ ಚೆನ್ನಾಗಿತ್ತು’ ಎಂಬ ಒಂದೇ ವಾಕ್ಯದಲ್ಲಿ ಮುಗಿದುಹೋಗುವುದು. ಯಾವ ಪದದಲ್ಲಿ, ಯಾವ ಎಡೆಯಲ್ಲಿ, ಏತರಿಂದ ಚೆನ್ನಾಗಿತ್ತೆಂದು ಹೇಳುವ ಅಭ್ಯಾಸವು ನಮ್ಮಲ್ಲಿ ಬೆಳೆದೇ ಇಲ್ಲ. ವೇಷವಿಲ್ಲದ, ಮಾತೇ ಪ್ರಧಾನವಾದ ಕೂಟಕ್ಕೂ ‘ತಾಳಮದ್ದಳೆ’ ಎಂದೇ ಹೆಸರಿಟ್ಟ ಜನರು ಮದ್ದಳೆಯ ವಿಚಾರದಲ್ಲಿ ಇಷ್ಟು ಮಿತಭಾಷಿಗಳಾದುದು ವಿಚಿತ್ರವೇ ಸರಿ.

ಈ ಕೊರತೆಯನ್ನು ಮನಗಾಣುವುದಕ್ಕೆ ಒಂದು ಜೋಡಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಹೊನ್ನಾವರ ತಾಲೂಕಿನ ಗುಣವಂತೆಯ ಬಳಿಯ ಕೆರೆಮನೆಯಲ್ಲಿ ಶಿವರಾಮ ಹೆಗಡೆಯವರು 1934ರಲ್ಲಿ ಸ್ಥಾಪಿಸಿದ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯಲ್ಲಿ ದೀರ್ಘಕಾಲ ಭಾಗವತಿಕೆ ಮಾಡಿದವರು ನೆಬ್ಬೂರು ನಾರಾಯಣ ಭಾಗವತರು. ಅವರ ಪದಗಳಿಗೆ ಬಹುಕಾಲ ಜತೆಯಾಗಿ ಒದಗಿದುದು ಕರ್ಕಿಯ ಪ್ರಭಾಕರ ಭಂಡಾರಿಯವರ ಮದ್ದಳೆ. ಇವರಿಬ್ಬರ ಮುಂದೆ ಕುಣಿದವರು ಕೆರೆಮನೆ ಶಂಭು ಹೆಗಡೆಯವರು. ನೆಬ್ಬೂರರ ಕಂಠವನ್ನು ಕುರಿತು ಸಾಕಷ್ಟು ಪ್ರಶಂಸೆ ನಡೆದಿದೆ. ಶಂಭು ಹೆಗಡೆಯವರ ಅಭಿನಯವನ್ನು ಕುರಿತು ಇನ್ನೂ ಹೆಚ್ಚು ನಡೆದಿದೆ. ಇವೆರಡಕ್ಕೂ ನಡುವೆ ಸೇತುವೆಯಾಗಿದ್ದ ಮದ್ದಳೆಯ ಗುಣವೇನೆಂಬುದೇ ಇಲ್ಲಿಯ ಪ್ರಶ್ನೆ.

ಮೊದಲು ವಾದ್ಯದ ಸ್ವಭಾವವನ್ನು ನೋಡಬೇಕು. ಹಿಮ್ಮೇಳದಲ್ಲಿ ಚಂಡೆ, ಮದ್ದಳೆ ಎಂಬ ಎರಡು ಚರ್ಮವಾದ್ಯಗಳಿರುವುವು. ಚಂಡೆಯು ಕೋಲಿನಿಂದ ನುಡಿಯತಕ್ಕುದು. ಅದರ ಘೋಷವು ಊರಾಚೆಗೂ ಮುಟ್ಟುವುದು. ವೀರ, ರೌದ್ರ, ಭಯಾನಕಗಳಿಗೆ ಅದೇ ಒಡವೆ. ಮದ್ದಳೆಯಾದರೋ ಬೆರಳುಗಳಿಂದಲೂ ಅಂಗೈಯಿಂದಲೂ ನುಡಿಯತಕ್ಕುದು. ಅದರ ಬಲಮುಚ್ಚಿಗೆಗೆ ಕರಣೆಯನ್ನು ಮೆತ್ತಿ ಭಾಗವತನ ಶ್ರುತಿಗೆ ಸರಿಯಾಗಿ ಕೂಡಿಸಿರುವರು. ಆದುದರಿಂದ ಮದ್ದಳೆಯ ಪೆಟ್ಟು ಬರಿಯ ಲೆಕ್ಕವಲ್ಲ, ಅದು ಸ್ವರವೂ ಹೌದು. ಹಿರಿಯಡಕ ಗೋಪಾಲರಾಯರು (1919–2020) ಏರುಮದ್ದಳೆಯನ್ನು ಬಳಕೆಗೆ ತಂದು ಬಡಗುತಿಟ್ಟಿನಲ್ಲಿ ಈ ನಾದಗುಣಕ್ಕೆ ಹೊಸ ಕಾಂತಿಯನ್ನು ಕೊಟ್ಟುದು ಸರ್ವವಿದಿತವಾಗಿದೆ. ಚಂಡೆಯು ಪದಕ್ಕೆ ಬಲವನ್ನು ಕೊಡಬಲ್ಲುದು. ಪದದೊಳಗೆ ಪ್ರವೇಶಿಸಬಲ್ಲುದು ಮದ್ದಳೆಯೊಂದೇ.

ಗೀತಕ್ಕೆ ವಾದ್ಯವು ಅನುಸರಿಸುವ ಕ್ರಮವನ್ನು ಶಾಸ್ತ್ರಕಾರರು ತತ್ತ್ವ, ಅನುಗತ, ಓಘ ಎಂದು ಮೂರಾಗಿ ವಿಭಾಗಿಸಿರುವರು. ಗೀತದ ಲಯ, ತಾಳ, ಅಕ್ಷರ, ಪದಗಳನ್ನು ಇದ್ದುದು ಇದ್ದಂತೆ ನುಡಿಯುವುದು ತತ್ತ್ವ. ಗೀತದ ಹಿಂದೆ ಜತೆಜತೆಯಾಗಿ ನಡೆಯುವುದು ಅನುಗತ. ಗೀತದ ಅರ್ಥದ ಗೊಡವೆಯಿಲ್ಲದೆ ಪ್ರವಾಹದಂತೆ ಧಾವಿಸುವುದು ಓಘ. ಮೂರೂ ಶಾಸ್ತ್ರಸಮ್ಮತವೇ, ಒಂದನ್ನು ಹೊಗಳಿ ಮತ್ತೊಂದನ್ನು ತೆಗಳಬೇಕಾದುದಿಲ್ಲ. ಯಾವುದನ್ನು ಎಲ್ಲಿ ನಿಲ್ಲಿಸಬೇಕೆಂಬ ಔಚಿತ್ಯವೇ ವಾದಕನ ಪರೀಕ್ಷೆಯು. ಕರ್ಕಿಯ ಮದ್ದಳೆಯನ್ನು ಈ ಮೂರು ಒರೆಗಲ್ಲುಗಳ ಮೇಲೆ ತಿಕ್ಕಿ ನೋಡುವುದು ಯುಕ್ತವು.

ತತ್ತ್ವಕ್ಕೆ ನಿದರ್ಶನವು ಹರಿಶ್ಚಂದ್ರ ಪ್ರಸಂಗ. ರಾಜ್ಯವನ್ನೂ ಹೆಂಡತಿ ಮಕ್ಕಳನ್ನೂ ಕಳೆದುಕೊಂಡು ಸ್ಮಶಾನವನ್ನು ಕಾಯುವ ಅರಸನು ಶಂಭು ಹೆಗಡೆಯವರ ಪ್ರಸಿದ್ಧ ಪಾತ್ರಗಳಲ್ಲೊಂದು. ಇಲ್ಲಿಯ ಪದಗಳು ನಿಧಾನವಾದುವು. ಝಂಪೆಯ ಹತ್ತು ಮಾತ್ರೆಗಳು ವಿಳಂಬದಲ್ಲಿ ಸಾಗುವಾಗ ಒಂದು ಮಾತ್ರೆಗೂ ಮತ್ತೊಂದಕ್ಕೂ ನಡುವೆ ಬಯಲಿನಷ್ಟು ಅವಕಾಶವಿರುವುದು. ಆ ಬಯಲನ್ನು ಕಂಡು ತುಂಬಿಬಿಡಬೇಕೆಂಬ ಆಶೆಯು ಕೈಬಲ್ಲ ವಾದಕನಿಗೆ ಸಹಜವಾಗಿಯೇ ಹುಟ್ಟುವುದು. ಭಂಡಾರಿಯವರ ಹಿರಿಮೆಯು ತುಂಬದೆ ಬಿಟ್ಟುದರಲ್ಲಿದೆ. ನೆಬ್ಬೂರರು ಸಾಹಿತ್ಯದ ಒಂದೊಂದು ಅಕ್ಷರವನ್ನೂ ಸ್ಫುಟವಾಗಿ ಉಚ್ಚರಿಸುವವರು; ಆ ಅಕ್ಷರವು ಕೇಳುವವನ ಎದೆಗೆ ಇಳಿದ ಮೇಲೆ ಮದ್ದಳೆಯ ಒಂದು ಮೆಲುಪೆಟ್ಟು ಅದರ ಮೇಲೆ ಮುದ್ರೆಯನ್ನೊತ್ತಿದಂತೆ ಬೀಳುವುದು. ದುಃಖಿತನಾದವನ ಮನೆಗೆ ಬಂದ ಹಿರಿಯನು ಹೆಚ್ಚು ಮಾತಾಡದೆ ಪಕ್ಕದಲ್ಲಿ ಕುಳಿತಿರುವನಷ್ಟೆ? ಆ ಮೆಲುಪೆಟ್ಟುಗಳ ರೀತಿಯೂ ಅಂತಹದೇ. ಕರುಣರಸಕ್ಕೆ ವಾದ್ಯದಿಂದಾಗುವ ಮಹೋಪಕಾರವೆಂದರೆ ಅಡ್ಡಬಾರದಿರುವುದು. ಅಡ್ಡಬಾರದೆಯೂ ಇಲ್ಲವಾಗದಿರುವುದೇ ಇಲ್ಲಿಯ ವಿದ್ಯೆ.

ಅನುಗತಕ್ಕೆ ಕರ್ಣಪರ್ವವು ನಿದರ್ಶನ. ಮಾಯಾ ರಾವ್ ಅವರಲ್ಲಿ ನೃತ್ಯಸಂಯೋಜನೆಯನ್ನು ಅಭ್ಯಸಿಸಿದ್ದ ಶಂಭು ಹೆಗಡೆಯವರು ಪದದ ಅರ್ಥವನ್ನು ಕಣ್ಣು, ಕೈ, ಹೆಜ್ಜೆಗಳಲ್ಲಿ ಬಿಡಿಸಿ ತೋರುತ್ತಿದ್ದರು. ಅದಕ್ಕಾಗಿ ಭಾಗವತರು ಒಂದೇ ಸಾಲನ್ನು ಹಲವು ಸಲ ಹಾಡಬೇಕಾಗುತ್ತಿತ್ತು. ಸಾಲು ಒಂದೇ, ಭಾವವು ಬೇರೆ. ಮೊದಲ ಸಲ ಕರ್ಣನು ಶಲ್ಯನ ಮಾತಿಗೆ ಕೆರಳುವನು. ಎರಡನೆಯ ಸಲ ತನ್ನ ಹುಟ್ಟನ್ನು ನೆನೆಯುವನು. ಮೂರನೆಯ ಸಲ ಒಡೆಯನ ಅನ್ನದ ಋಣವನ್ನು ಎಣಿಸುವನು. ಇಂತಹ ಎಡೆಯಲ್ಲಿ ಮೂರು ಸಲವೂ ಒಂದೇ ನಡೆಯನ್ನು ನುಡಿಸಿದರೆ ಅಭಿನಯವು ಕುಂಟುವುದು. ಮೂರು ಸಲವೂ ಹೊಸ ಚಮತ್ಕಾರವನ್ನು ತೋರಿದರೆ ಅಭಿನಯವು ಮುಚ್ಚಿಹೋಗುವುದು. ಭಂಡಾರಿಯವರ ಕ್ರಮವು ಇವೆರಡರ ನಡುವಣದು. ನಡೆಯ ಮೈಕಟ್ಟನ್ನು ಕೆಡಿಸದೆ, ಪೆಟ್ಟಿನ ಭಾರವನ್ನು ಮಾತ್ರ ಬದಲಿಸುವುದು. ಬಲಗೈಯ ನಾದವನ್ನು ಒಮ್ಮೆ ತೆರೆದು ಒಮ್ಮೆ ಮುಚ್ಚುವುದು. ನೋಡುವವರು ನಟನ ಮುಖದಲ್ಲಿ ಆದ ವ್ಯತ್ಯಾಸವನ್ನು ಗುರುತಿಸಿ ತಲೆದೂಗುವರು. ಆ ವ್ಯತ್ಯಾಸಕ್ಕೆ ಕಿವಿಯ ದಾರಿಯಿಂದಲೂ ಸಹಾಯವು ಬಂದಿತೆಂಬುದನ್ನು ಅವರು ಅರಿಯರು. ಅರಿಯದಿರುವುದೇ ಆ ನುಡಿಸಾಣಿಕೆಯ ಜಯವೆನ್ನಬೇಕು.

ಇನ್ನು ಓಘ. ಗದಾಯುದ್ಧದ ದುರ್ಯೋಧನನು ಕೆರೆಮನೆಯ ರಂಗಕ್ಕೆ ಶಿವರಾಮ ಹೆಗಡೆಯವರ ಕಾಲದಿಂದಲೂ ಕುಲಧನದಂತಿರುವ ಪಾತ್ರವು. ವೈಶಂಪಾಯನ ಸರೋವರದಲ್ಲಿ ಅಡಗಿದ್ದವನು ಭೀಮನ ಮೂದಲಿಕೆಯನ್ನು ತಾಳಲಾರದೆ ಮೇಲೇಳುವಾಗ ಚಂಡೆಯು ಗರ್ಜಿಸಬೇಕಾದುದೇ, ಮದ್ದಳೆಯೂ ಪ್ರವಾಹವಾಗಬೇಕಾದುದೇ. ಆದರೆ ಪ್ರವಾಹಕ್ಕೂ ದಡವುಂಟು. ಏರುಪದವು ಮೇಲೇರಿ ಬಿಡ್ತಿಗೆಯಾಗಿ ಮುಕ್ತಾಯದ ಪೆಟ್ಟು ಬಿದ್ದೊಡನೆ ನಟನು ಮಾತನ್ನು ಎತ್ತಿಕೊಳ್ಳಬೇಕು. ಆ ಕೊನೆಯ ಪೆಟ್ಟಿನ ಮೇಲೆ ಇನ್ನೊಂದು ಹೆಚ್ಚಿನ ಪೆಟ್ಟು ಬಿದ್ದರೆ ಮಾತಿನ ಮೊದಲಕ್ಷರವು ಸತ್ತುಹೋಗುವುದು. ಕರ್ಕಿಯ ಮದ್ದಳೆಯಲ್ಲಿ ಮುಕ್ತಾಯವೆಂದರೆ ನಿಜವಾಗಿ ಮುಕ್ತಾಯವೇ. ಪೆಟ್ಟು ನಿಂತ ಮೇಲಿನ ಆ ಕ್ಷಣಮಾತ್ರದ ನಿಶ್ಶಬ್ದದಲ್ಲಿ ದುರ್ಯೋಧನನ ಛಲವು ಸಭೆಯ ಮುಂದೆ ನಿಂತುಕೊಳ್ಳುವುದು. ಈ ಭಾಗವತರಿಗೆ ಈ ವಾದಕರು ಕೊಟ್ಟ ಕಾಣಿಕೆಗಳಲ್ಲಿ ಅತ್ಯುತ್ತಮವಾದುದು ಯಾವುದೆಂದು ಕೇಳಿದರೆ, ಯಾವ ಪೆಟ್ಟನ್ನೂ ತೋರಿಸದೆ ಈ ನಿಶ್ಶಬ್ದವನ್ನೇ ತೋರಿಸಬೇಕಾಗುವುದು.

ದೋಷವೇ ಇಲ್ಲವೆಂದು ಹೇಳುವುದು ವಿಮರ್ಶೆಯ ಧರ್ಮವಲ್ಲ. ಬಯಲಿನಲ್ಲಿ ಸಾವಿರಾರು ಜನ ನೆರೆದಿರುವಾಗ, ಹಿಂದಿನ ಸಾಲಿನಲ್ಲಿ ಕುಳಿತವನಿಗೆ ಈ ಸಂಯಮವು ನಿಸ್ಸಾರವಾಗಿ ತೋರುವುದುಂಟು. ನಟನು ಶಂಭು ಹೆಗಡೆಯವರಂತಹ ಪ್ರೌಢನಾದರೆ ಬಿಟ್ಟ ಬಯಲನ್ನು ಅವನೇ ತುಂಬುವನು. ಎಳೆಯ ಕುಣಿತಗಾರನಾದರೆ ಬಯಲು ಬಯಲಾಗಿಯೇ ಉಳಿದು ರಂಗವು ಕಳೆಗುಂದುವುದು. ಈ ಶೈಲಿಯು ತನಗೆ ತಕ್ಕ ಭಾಗವತನನ್ನೂ ತನಗೆ ತಕ್ಕ ನಟನನ್ನೂ ಅಪೇಕ್ಷಿಸುವುದು. ಅದನ್ನು ಒಯ್ದು ಎಲ್ಲ ಕಡೆಗಳಲ್ಲಿಯೂ ನೆಟ್ಟರೆ ಫಲಿಸಲಾರದು.

ಹೋಲಿಕೆಗಾಗಿ ಗುಂಡ್ಮಿ ಕಾಳಿಂಗ ನಾವಡರನ್ನೂ (1958–1990) ಅವರ ಜತೆಗಾರರಾದ ದುರ್ಗಪ್ಪ ಗುಡಿಗಾರರನ್ನೂ ನೆನೆಯಬಹುದು. ನಾವಡರ ಪದವು ಹೊಸ ರಾಗಗಳಿಂದಲೂ ಹೊಸ ಓಟದಿಂದಲೂ ಕರಾವಳಿಯ ತರುಣರನ್ನು ಸೆರೆಹಿಡಿದುದು. ಅಂತಹ ಪದಕ್ಕೆ ಪಕ್ಕದಲ್ಲಿ ಸುಮ್ಮನೆ ಕುಳಿತಿರುವ ಮದ್ದಳೆಯು ಸಲ್ಲದು. ಅಲ್ಲಿ ವಾದಕನು ಸವಾಲಿಗೆ ಜವಾಬು ಕೊಡುವವನಾಗಬೇಕು. ಗುಡಿಗಾರರ ಕೈಯಲ್ಲಿ ಆ ಜವಾಬು ಇದ್ದಿತು. ಹೀಗಿರಲು ಗುಡಿಗಾರರು ಮೇಲೋ ಭಂಡಾರಿಯವರು ಮೇಲೋ ಎಂಬ ವಾದವು ಮಲ್ಲಿಗೆಯನ್ನೂ ಕೇದಗೆಯನ್ನೂ ತಕ್ಕಡಿಗೆ ಹಾಕಿದಂತೆಯೇ ಸರಿ. ಇಬ್ಬರೂ ತಮ್ಮ ತಮ್ಮ ಭಾಗವತರ ಪದವನ್ನು ಕೇಳಿ ನುಡಿಸಿದವರು. ಇಬ್ಬರೂ ಸ್ವಾತಿಯ ಸಂಪ್ರದಾಯದವರೇ.

ಚಿಂತೆಗೆ ಕಾರಣವಾದುದು ಬೇರೆಯೇ ಇದೆ. ಧ್ವನಿವರ್ಧಕವು ಬಂದ ಮೇಲೆ ಮೆಲುಪೆಟ್ಟೂ ದೂರಕ್ಕೆ ಮುಟ್ಟುವ ಅನುಕೂಲವಾಯಿತು. ಮದ್ದಳೆಗೆ ಇದರಿಂದ ಲಾಭವೇ ಆಗಬೇಕಾಗಿದ್ದಿತು. ಆದುದು ತಿರುವುಮುರುವು. ಮೊದಲೇ ಘೋಷವುಳ್ಳ ಚಂಡೆಗೂ ಧ್ವನಿವರ್ಧಕವನ್ನಿಟ್ಟು, ಅದರೊಡನೆ ಮದ್ದಳೆಯೂ ಪಂತಕ್ಕಿಳಿದು, ಪದದ ಸಾಹಿತ್ಯವು ಇವೆರಡರ ನಡುವೆ ನುಚ್ಚುನೂರಾಗುತ್ತಿರುವುದನ್ನು ಇಂದು ಅನೇಕ ರಂಗಗಳಲ್ಲಿ ಕಾಣಬಹುದು. ಸಭೆಯೂ ನಿರ್ದೋಷಿಯಲ್ಲ. ವೇಗಕ್ಕೆ ಚಪ್ಪಾಳೆಯು ಬೀಳುವುದೇ ಹೊರತು ಸರಿಯಾದ ಕಡೆಯಲ್ಲಿ ನಿಂತ ಕೈಗೆ ಬೀಳುವುದಿಲ್ಲ. ಚಪ್ಪಾಳೆಯೇ ಗುರುವಾದ ಮೇಲೆ ಶಿಷ್ಯರು ಓಘವೊಂದನ್ನೇ ಕಲಿತರೆ ಆಶ್ಚರ್ಯವೇನು?

ಇನ್ನೊಂದು ನಷ್ಟವು ಇದಕ್ಕಿಂತಲೂ ದೊಡ್ಡದು. ಅಚ್ಚಾದ ಪ್ರಸಂಗಪುಸ್ತಕದಲ್ಲಿ ಪದವಿರುವುದು. ಪದದ ಮೇಲೆ ರಾಗತಾಳಗಳ ಹೆಸರಿರುವುದು. ಮದ್ದಳೆಗಾರನು ಏನನ್ನು ನುಡಿಸಬೇಕೆಂಬುದು ಅಲ್ಲಿರುವುದಿಲ್ಲ. ಪಾಠದ ಮೂಲನಡೆಗಳನ್ನು ಬರೆದಿಡಬಹುದು. ಇಂಥ ಪದದ ಇಂಥ ಅಕ್ಷರದ ಬಳಿಯಲ್ಲಿ ಕೈಯನ್ನು ಹಿಡಿಯಬೇಕೆಂಬುದನ್ನು ಯಾರೂ ಬರೆದಿಟ್ಟವರಲ್ಲ. ಅದು ಭಾಗವತ, ವಾದಕ, ನಟ ಈ ಮೂವರ ನಡುವೆ ವರ್ಷಾನುವರ್ಷದ ಸಹವಾಸದಿಂದ ಬೆಳೆದು, ಅವರಲ್ಲೊಬ್ಬರು ಹೋದೊಡನೆ ಮುಕ್ಕಾಗತಕ್ಕ ವಿದ್ಯೆಯು. ಶಂಭು ಹೆಗಡೆಯವರು 2009ರಲ್ಲಿ ಹೋದರು. ನೆಬ್ಬೂರರು 2019ರಲ್ಲಿ ಹೋದರು. ಆ ಮೂವರು ಕೂಡಿ ಕಟ್ಟಿದ ರಂಗವು ಇನ್ನು ಧ್ವನಿಮುದ್ರಿಕೆಗಳಲ್ಲಿಯೂ ಕೇಳಿದವರ ನೆನಪಿನಲ್ಲಿಯೂ ಮಾತ್ರವೇ ಉಳಿದಿರುವುದು.

ಆದುದರಿಂದ ರಸಿಕರು ಮಾಡಬೇಕಾದ ಕೆಲಸವೊಂದಿದೆ. ಅದು ಕಷ್ಟವಾದುದೂ ಅಲ್ಲ. ನೆಬ್ಬೂರರ ಧ್ವನಿಮುದ್ರಿಕೆಗಳನ್ನು ಒಮ್ಮೆ ಪದಕ್ಕಾಗಿ ಕೇಳಿದವರು ಮತ್ತೊಮ್ಮೆ ಮದ್ದಳೆಗಾಗಿ ಕೇಳಬೇಕು. ಯಾವ ಪದದಲ್ಲಿ ಮದ್ದಳೆಯು ಎಲ್ಲಿ ನುಡಿಯಿತು, ಎಲ್ಲಿ ನುಡಿಯದೆ ಉಳಿಯಿತು ಎಂಬುದನ್ನು ಬಲ್ಲವರು ಬರೆದಿಡಬೇಕು. ಮದ್ದಳೆಯನ್ನು ಕಲಿಯುವ ಹುಡುಗರಿಗೆ ನಡೆಗಳನ್ನು ಹೇಳಿಕೊಡುವ ಮೊದಲು ಪದಗಳನ್ನು ಬಾಯಿಪಾಠ ಮಾಡಿಸಬೇಕು. ಪದದ ಅರ್ಥವನ್ನರಿಯದ ಕೈಯು ಪದಕ್ಕೆ ಒದಗುವುದು ಹೇಗೆ? ಆಟದ ಕರಪತ್ರದಲ್ಲಿ ಭಾಗವತರ ಹೆಸರಿನಷ್ಟೇ ದಪ್ಪವಾದ ಅಕ್ಷರದಲ್ಲಿ ಮದ್ದಳೆಗಾರನ ಹೆಸರೂ ಬರಬೇಕು.

ಸ್ವಾತಿಯು ಅಂದು ಸರೋವರಕ್ಕೆ ಹೋದುದು ನೀರಿಗಾಗಿ. ಹೊತ್ತು ತಂದುದು ನಾದವನ್ನು. ಆಟಕ್ಕೆ ಹೋಗುವ ನಮ್ಮವರೂ ಹೆಚ್ಚಾಗಿ ವೇಷಕ್ಕಾಗಿ ಹೋಗುವರು, ಅದು ತಪ್ಪಲ್ಲ. ಮರಳುವಾಗ ಭಾಗವತನ ಮಗ್ಗುಲಲ್ಲಿ ತಲೆತಗ್ಗಿಸಿ ಕುಳಿತವನ ಒಂದು ಮೆಲುಪೆಟ್ಟನ್ನಾದರೂ ಕಿವಿಯಲ್ಲಿಟ್ಟುಕೊಂಡು ಬಂದರೆ, ಆ ವಿದ್ಯೆಗೆ ಇನ್ನೊಂದು ತಲೆಮಾರಿನ ಆಯುಷ್ಯವು ದೊರೆಯುವುದು.