ಒಂದು ಬಿಲ್ಲು, ಮೂರು ಬಗೆಯ ದುಡ್ಡು

ಮೈಸೂರಿನ ಹಿನಕಲ್‌ನ ನನ್ನೇಶ್ವರ ದೇವಸ್ಥಾನದ ಕಡೆಗೆ ಹೋಗುವ ದಾರಿಯಲ್ಲಿ ನಾವು ತಿಂಗಳ ಸಾಮಾನು ತರುವ ದಿನಸಿ ಅಂಗಡಿಯಿದೆ. ಮೊನ್ನೆ ಸಂಜೆ ಹೆಬ್ಬಾಳ ಕೈಗಾರಿಕಾ ಪ್ರದೇಶದ ಶಿಫ್ಟು ಮುಗಿಸಿ ಬಂದ ಹುಡುಗನೊಬ್ಬ ನನ್ನ ಮುಂದೆ ನಿಂತಿದ್ದ. ಅವನ ಲೆಕ್ಕ 482 ರೂಪಾಯಿ ಆಯಿತು.

“ಅಕ್ಕ, ಇನ್ನೂರು ಇಟ್ಕೊಳಿ. ನೂರೈವತ್ತು ಫೋನ್‌ಪೇ ಹಾಕ್ತೀನಿ. ಮಿಕ್ಕಿದ್ದು ಶನಿವಾರ ಕೊಡ್ಲಾ?”

“ಆಯ್ತು ಹಾಕಪ್ಪ.”

ಅಕ್ಕ ಉದ್ದನೆಯ ನೋಟ್‌ಬುಕ್ ತೆಗೆದು 482 ಎಂದು ಬರೆದರು. ಅದರ ಕೆಳಗೆ 200, ಪಕ್ಕದಲ್ಲಿ ‘ನ’ ಅಂದರೆ ನಗದು. ಅದರ ಕೆಳಗೆ 150, ಪಕ್ಕದಲ್ಲಿ ‘ಫೋ’. ಆ 150ರ ಮುಂದೆ ಒಂದು ಸಣ್ಣ ಸೊನ್ನೆ ಸುತ್ತಿದರು. ನೆಟ್‌ವರ್ಕ್ ಎಳೆದಾಡುತ್ತಿತ್ತು, ಸೌಂಡ್ ಬಾಕ್ಸ್ ಬಾಯಿ ಬಿಟ್ಟಿರಲಿಲ್ಲ. ಅಷ್ಟರಲ್ಲಿ ನನಗೆ ಅರ್ಧ ಕೆಜಿ ತೊಗರಿಬೇಳೆ ತೂಗಿಕೊಟ್ಟರು. ಬಾಕ್ಸ್ ನೂರೈವತ್ತು ಬಂತೆಂದು ಕೂಗಿದ ಮೇಲೆ ಆ ಸೊನ್ನೆಯನ್ನು ಅಡ್ಡಗೆರೆಯಿಂದ ಹೊಡೆದು, ಕೆಳಗೆ ‘ಬಾಕಿ 132’ ಎಂದು ಬರೆದು ಮುಗಿಸಿದರು.

ಬಿಲ್ಲಿಂಗ್ ಸಾಫ್ಟ್‌ವೇರ್ ಬರೆಯುವುದೇ ನನ್ನ ಕಸುಬು. ಆ ಸೊನ್ನೆಯನ್ನು ಕಂಡು ನನಗೆ ನಿಜವಾಗಿಯೂ ಗೌರವ ಹುಟ್ಟಿತು. ಬಂದಿದೆ, ಬಂದಿಲ್ಲ ಎಂಬ ಎರಡರ ನಡುವೆ ‘ಇನ್ನೂ ಗೊತ್ತಿಲ್ಲ’ ಎಂಬ ಮೂರನೆಯದೊಂದಿದೆ. ಅದಕ್ಕೂ ಪುಸ್ತಕದಲ್ಲಿ ಜಾಗ ಬೇಕು. ಅಕ್ಕನ ಪುಸ್ತಕದಲ್ಲಿ ಅದಿದೆ. ನಾನು ನೋಡಿರುವ ಎಷ್ಟೋ ಕೌಂಟರ್‌ಗಳ ಕಂಪ್ಯೂಟರಿನಲ್ಲಿ ಇಲ್ಲ.

ಕಳೆದ ವರ್ಷ ನಗರದ ದೊಡ್ಡ ಮಳಿಗೆಯೊಂದರಲ್ಲಿ ಇದರ ಪೆಟ್ಟು ತಿಂದೆ. ಸ್ಕ್ಯಾನ್ ಮಾಡಿದೆ, ನನ್ನ ಖಾತೆಯಿಂದ ಹಣ ಹೋಯಿತು, ಅವರ ಪರದೆಯ ಮೇಲೆ ಬರಲಿಲ್ಲ. ಕೌಂಟರಿನ ಹುಡುಗಿ ಪಾಪ ಏನು ಮಾಡಿಯಾಳು? ನಗದು ತೆಗೆದುಕೊಂಡು ಬಿಲ್ ಮುಚ್ಚಿದಳು. ಹತ್ತು ನಿಮಿಷಕ್ಕೆ ಮೊದಲಿನ ಹಣವೂ ಅವರಿಗೆ ಸೇರಿತು. ಬಿಲ್ ಆಗಲೇ ಮುಚ್ಚಿಹೋಗಿದ್ದರಿಂದ ಆ ಹಣವನ್ನು ಅದಕ್ಕೆ ಜೋಡಿಸುವ ದಾರಿ ಅವರ ಯಂತ್ರದಲ್ಲಿ ಇರಲಿಲ್ಲ. ಹಣ ಬಂದದ್ದು ನಿಜ, ಆದರೆ ಯಾವ ಬಾಬ್ತಿಗೆ ಎಂದು ಹೇಳುವವರಿಲ್ಲ. ವಾಪಸ್ ಪಡೆಯಲು ಮೂರು ಸಲ ಅಲೆದೆ. ಗ್ರಾಹಕನ ಖಾತೆಯಿಂದ ಹಣ ಹೋಗಿ ಅಂಗಡಿಗೆ ಖಾತರಿ ಸಿಗದಿದ್ದರೆ ಐದು ದಿನದೊಳಗೆ ತಾನಾಗಿಯೇ ಹಿಂತಿರುಗಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಎಂದು ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರಿನಲ್ಲೇ ನಿಯಮ ಮಾಡಿದೆ. ಒಳ್ಳೆಯ ನಿಯಮ. ಆದರೆ ತಡವಾಗಿಯಾದರೂ ಹಣ ಅಂಗಡಿಗೆ ಮುಟ್ಟಿಬಿಟ್ಟರೆ ಅದನ್ನು ಹಿಂದಿರುಗಿಸಬೇಕಾದ್ದು ಅಂಗಡಿಯೇ. ಅದರ ಲೆಕ್ಕದಲ್ಲಿ ಅದಕ್ಕೊಂದು ಸಾಲಿಲ್ಲದಿದ್ದರೆ ನಿಯಮವೂ ಕೈಕಟ್ಟಿ ನಿಲ್ಲುತ್ತದೆ.

ತಪ್ಪಿನ ಮೂಲ ಒಂದೇ. ಕೊಡಬೇಕಾದದ್ದನ್ನೂ ಕೊಟ್ಟದ್ದನ್ನೂ ಒಂದೇ ಸಾಲಿನಲ್ಲಿ ತುರುಕುತ್ತೇವೆ. ‘ಪಾವತಿ ವಿಧಾನ’ ಎಂಬ ಒಂದೇ ಮನೆ ಮಾಡಿ, ಅದರಲ್ಲಿ ನಗದು, ಕಾರ್ಡ್, ಯುಪಿಐ ಎಂದು ಒಂದನ್ನು ಮಾತ್ರ ಆರಿಸಿ ಎನ್ನುತ್ತೇವೆ. ಆ ಹುಡುಗ ಬಂದರೆ ಎರಡು ಬಿಲ್ ಹರಿಯಬೇಕು, ಕಡಕ್ಕೆ ಜಾಗವೇ ಇಲ್ಲ. ಅಕ್ಕನ ಪುಸ್ತಕದಲ್ಲಿ ಬಿಲ್ಲಿಗೆ ಒಂದು ಸಾಲು, ಅದರ ಕೆಳಗೆ ಎಷ್ಟು ಜಮೆಯಾದರೂ ಅಷ್ಟು ಸಾಲು. 2016ರಲ್ಲಿ ಯುಪಿಐ ಬಂತು, ಆಮೇಲೆ ನಮ್ಮ ಬೀದಿಗೂ ಬಂತು. ಅಕ್ಕ ಸೇರಿಸಿದ್ದು ‘ಫೋ’ ಎಂಬ ಒಂದಕ್ಷರ. ಪುಸ್ತಕದ ಗೆರೆ ಬದಲಾಗಲಿಲ್ಲ. ಇಲ್ಲೇ ಪಕ್ಕದ ಮೇಟಗಳ್ಳಿಯಲ್ಲಿ 1996ರಿಂದ ಅಚ್ಚಾಗುತ್ತಿರುವ ನೋಟಿಗೂ ಫೋನಿನ ದುಡ್ಡಿಗೂ ಅಲ್ಲಿ ಸಮಾನ ಸ್ಥಾನ.

ನಮ್ಮ ಸಾರಿಗೆ ಬಸ್ಸುಗಳಿಗೂ ಈ ವಿದ್ಯೆ ಗೊತ್ತು. ಚಿಲ್ಲರೆ ಇಲ್ಲದಾಗ ಕಂಡಕ್ಟರ್ ಟಿಕೆಟಿನ ಹಿಂದೆ ಬಾಕಿ ಬರೆದುಕೊಡುತ್ತಾರೆ, ಇಳಿಯುವಾಗ ಅದೇ ಚೀಟಿ ತೋರಿಸಿ ಈಸಿಕೊಳ್ಳುತ್ತೇವೆ. 2023ರ ಜೂನ್ 11ರಿಂದ ‘ಶಕ್ತಿ’ ಯೋಜನೆಯ ಶೂನ್ಯ ಟಿಕೆಟ್ ಬಂತು. ಹೆಣ್ಣುಮಕ್ಕಳು ಕೈಯಿಂದ ಏನೂ ಕೊಡದಿದ್ದರೂ ಕಂಡಕ್ಟರ್ ಟಿಕೆಟ್ ಹರಿಯುತ್ತಾರೆ, ಏಕೆಂದರೆ ಆ ದುಡ್ಡನ್ನು ಸರ್ಕಾರ ಆಮೇಲೆ ನಿಗಮಕ್ಕೆ ತುಂಬಬೇಕು. ಪ್ರಯಾಣ ಒಬ್ಬರದು, ಪಾವತಿ ಇನ್ನೊಬ್ಬರದು. ಟಿಕೆಟ್ ಹರಿಯದೆ ಬಿಟ್ಟಿದ್ದರೆ ಯಾವ ಲೆಕ್ಕಕ್ಕೂ ತಾಳೆ ಸಿಗುತ್ತಿರಲಿಲ್ಲ.

ತಾಳೆ ಸಿಗದಿದ್ದರೆ ಏನಾಗುತ್ತದೆಂಬುದನ್ನು 2025ರ ಜುಲೈನಲ್ಲಿ ಇಡೀ ಕರ್ನಾಟಕ ನೋಡಿತು. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಗಳನ್ನು ನೋಡಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಸರಕಿನ ವ್ಯಾಪಾರಕ್ಕೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕೆಂಬುದು ಕಾನೂನು, ಅದು ಸರಿಯೇ. ಆದರೆ ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ಸುಮಾರು 29 ಲಕ್ಷ ಕಟ್ಟಿ ಎಂದು ಹೋಯಿತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ! ಕ್ಯೂಆರ್ ಚೀಟಿಗೆ ಎಷ್ಟು ಬಂತೆಂಬುದು ಗೊತ್ತು, ಯಾತಕ್ಕೆ ಬಂತೆಂಬುದು ಗೊತ್ತಿಲ್ಲ. ತಮ್ಮ ತೀರಿಸಿದ ಸಾಲವೂ ಸೊಪ್ಪಿನ ದುಡ್ಡೂ ಅದಕ್ಕೆ ಒಂದೇ. ಅಂಗಡಿಗಳ ಮುಂದೆ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಬೋರ್ಡು ಬಿತ್ತು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಜೊತೆ ಸಭೆ ನಡೆಸಿ, ವಿನಾಯಿತಿ ಇರುವ ವಸ್ತು ಮಾರುವವರಿಂದ ವಸೂಲಿ ಮಾಡುವುದಿಲ್ಲ ಎಂದು ಹೇಳಬೇಕಾಯಿತು.

ಅಕ್ಕನ ಪುಸ್ತಕದಲ್ಲಿ ಊನವಿಲ್ಲವೆಂದಲ್ಲ. ಅದನ್ನು ಓದಬಲ್ಲವರು ಅವರೊಬ್ಬರೇ. ಒಂದು ಮಳೆಗೆ ನೆಂದರೆ ಕಥೆ ಮುಗಿಯಿತು. ತಿಂಗಳ ಕೊನೆಗೆ ಎಲ್ಲ ‘ಫೋ’ ಕೂಡಿಸಿ ಬ್ಯಾಂಕಿನ ಪಾಸ್‌ಬುಕ್ಕಿಗೆ ಹೊಂದಿಸುವಾಗ ಮಗಳು ಪಕ್ಕದಲ್ಲಿ ಕೂರಲೇಬೇಕು. ಸೌಂಡ್ ಬಾಕ್ಸಿನ ಬಾಡಿಗೆ ಎಲ್ಲಿ ಮುರಿದುಕೊಂಡರೆಂದು ಇಬ್ಬರೂ ಹುಡುಕುತ್ತಾರೆ. ಇದನ್ನೆಲ್ಲ ಯಂತ್ರ ಅವರಿಗಿಂತ ಸಾವಿರ ಪಾಲು ಚೆನ್ನಾಗಿ ಮಾಡಬಲ್ಲದು. ಮಾಡಲೇಬೇಕು ಎಂಬುದು ನನ್ನ ಆಸೆ.

ಇನ್ಫೋಸಿಸ್ ಕ್ಯಾಂಪಸ್ ಹಿನಕಲ್‌ಗೆ ಕೂಗಳತೆಯಲ್ಲಿದೆ. ಸಾಫ್ಟ್‌ವೇರ್ ಬರೆಯುವವರು ಈ ಸುತ್ತಿನ ಮನೆಮನೆಯಲ್ಲೂ ಇದ್ದಾರೆ. ನನ್ನ ಆ ಗೆಳೆಯರಲ್ಲಿ ಕೇಳಿಕೊಳ್ಳುವುದಿಷ್ಟು: ಮುಂದಿನ ಬಿಲ್ಲಿಂಗ್ ವ್ಯವಸ್ಥೆಗೆ ಕೈಹಾಕುವ ಮೊದಲು ಸಂಬಳಕ್ಕೆ ಎರಡು ದಿನ ಮುಂಚೆ ಒಂದು ಸಂಜೆ ದಿನಸಿ ಅಂಗಡಿಯಲ್ಲಿ ನಿಂತು ನೋಡಿ. ಬಿಲ್ಲಿನ ಕೆಳಗೆ ಇನ್ನೊಂದು ಸಾಲು ಸೇರಿಸಲು ಜಾಗ ಬಿಡಿ, ಬಿಲ್ ಮುಚ್ಚಿದ ಮೇಲೂ ಬಿಡಿ. ಆ ಸಣ್ಣ ಸೊನ್ನೆಯನ್ನು ಮಾತ್ರ ಮರೆಯಬೇಡಿ.