ಕಣ್ಣಾಗಿ ಉಳಿದ ಚಿಗರಿ

ಬಾಗಲಕೋಟೆಯ ನಮ್ಮ ಮಿತ್ರರೊಬ್ಬರು ಆಫ್ರಿಕದ ಪ್ರವಾಸ ಮುಗಿಸಿ ಬಂದರು. ನೈರೋಬಿ ನಗರದ ಅಂಚಿನಲ್ಲಿ 1946ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಉದ್ಯಾನವನ್ನು ಕಂಡುಬಂದ ಸಂಭ್ರಮ ಅವರದು. ಒಣಗಿದ ಹುಲ್ಲು, ಅಲ್ಲೊಂದು ಇಲ್ಲೊಂದು ಜಾಲಿಯ ಜಾತಿಯ ಮರ, ಹುಲ್ಲಿನ ನಡುವೆ ಕಿವಿ ನಿಮಿರಿಸಿ ನಿಂತ ಹುಲ್ಲೆಗಳು. ಎರಡು ತಾಸು ವರ್ಣಿಸಿದರೂ ಅವರಿಗೆ ದಣಿವಾಗಲಿಲ್ಲ. “ಇಂಥಾ ನೆಲ ನಮ್ಮ ಬೀಳಗಿ ಕಡೆನೂ ಐತೆಲ್ರೀ” ಎಂದೆ. “ಅಲ್ಲೇನೈತ್ರೀ ಮಾಸ್ತರ? ಬರೇ ಬಂಜರ!” ಎಂದು ನಕ್ಕುಬಿಟ್ಟರು.

ಆ ನಗೆಗೆ ಅವರೊಬ್ಬರನ್ನೇ ಹೊಣೆ ಮಾಡಲಾರೆ. ಆ ನೆಲವನ್ನು ನೋಡುವ ಕಣ್ಣನ್ನು ನಮ್ಮ ಸಾಹಿತ್ಯ ಅವರಿಗೆ ಕೊಟ್ಟಿಲ್ಲವೆಂಬುದೇ ನನ್ನ ಆಕ್ಷೇಪ.

ನೈರೋಬಿಯ ಉದ್ಯಾನ ಸುಮಾರು 117 ಚದರ ಕಿಲೋಮೀಟರು. ನಮ್ಮ ಜಿಲ್ಲೆಯ ಯಡಹಳ್ಳಿ ಚಿಂಕಾರ ವನ್ಯಜೀವಿಧಾಮ ಸುಮಾರು 96. ವಿಸ್ತಾರದಲ್ಲಿ ಬಹಳ ಅಂತರವೇನೂ ಇಲ್ಲ. ಸಿಂಹ, ಜಿರಾಫೆಗಳು ಇಲ್ಲಿಲ್ಲ, ನಿಜ. ಆದರೆ ಚಿಂಕಾರವು ಆಫ್ರಿಕದ ಆ ಹುಲ್ಲೆಗಳ ದಾಯಾದಿಯೇ. ಇಪ್ಪತ್ತು ಕಿಲೋದ ಆಸುಪಾಸು ತೂಗುವ ಈ ಸಣ್ಣ ಪ್ರಾಣಿಯಲ್ಲಿ ಹೆಣ್ಣಿಗೂ ಕೋಡುಂಟು. ಎಲೆಯ ರಸ, ಇಬ್ಬನಿಗಳಿಂದಲೇ ಬಹಳ ದಿನ ನೀರಡಿಕೆ ನೀಗಿಕೊಳ್ಳಬಲ್ಲದು. ಹೆದರಿದಾಗ ಮುಂಗಾಲನ್ನು ನೆಲಕ್ಕೆ ಅಪ್ಪಳಿಸಿ, ಸೀನಿದಂತೆ ಮೂಗಿನಿಂದ ಸದ್ದು ಮಾಡುತ್ತದೆ. ಅದರ ನೆರೆಯಲ್ಲಿ ತೋಳವೂ ಕತ್ತೆಕಿರುಬವೂ ಇವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಹುಲಿಗೆ ಕೊಟ್ಟ ರಕ್ಷಣೆಯನ್ನೇ ಇದಕ್ಕೂ ಕೊಟ್ಟಿದೆ.

ಇಂಥ ಪ್ರಾಣಿಗೆ ನಮ್ಮ ಕಾವ್ಯ ಕೊಟ್ಟ ಸ್ಥಾನ ಯಾವುದು? ಹಳಗನ್ನಡಕ್ಕೆ ಪುಲ್ಲೆಯೂ ಗೊತ್ತು, ಎರಳೆಯೂ ಗೊತ್ತು. ನಮ್ಮ ಸೀಮೆಯ ಮಾತಿನಲ್ಲಿ ಅದು ಚಿಗರಿ. ಹಳಗನ್ನಡದಲ್ಲಿ ಮೃಗಯೆಗೆ ‘ಬೇಂಟೆ’ ಎಂದೂ ಪ್ರೇಮಕ್ಕೆ ‘ಬೇಟ’ ಎಂದೂ ಹೆಸರು. ನಮ್ಮ ಚಿಗರಿ ಈ ಎರಡು ಮಾತುಗಳ ನಡುವೆ ಸಿಕ್ಕಿಕೊಂಡಿತು. ಪಂಪನ ವಿಕ್ರಮಾರ್ಜುನ ವಿಜಯದಲ್ಲಿ ಬೇಟೆಯ ವರ್ಣನೆಯಿದೆ; ರಾಘವಾಂಕನ ಹರಿಶ್ಚಂದ್ರನೂ ಬೇಟೆಗೆ ಹೊರಟೇ ವಿಶ್ವಾಮಿತ್ರನ ಕೈಗೆ ಸಿಕ್ಕುತ್ತಾನೆ. ಅಲ್ಲಿ ಮೃಗ ಬರುವುದು ಸಾಯುವುದಕ್ಕೆ. ಶೃಂಗಾರದಲ್ಲಿಯಾದರೋ ಅದರ ಕಣ್ಣಷ್ಟೇ ಸಾಕು: ಹರಿಣಾಕ್ಷಿ, ಮೃಗನಯನೆ, ಎರಳೆಗಣ್ಣಿನವಳು. ಬೇಂಟೆಗೆ ಮೈ ಹೋಯಿತು, ಬೇಟಕ್ಕೆ ಕಣ್ಣು ಹೋಯಿತು. ತನ್ನಷ್ಟಕ್ಕೆ ಹುಲ್ಲು ಮೇಯುವ ಚಿಗರಿಗೆ ಉಳಿದದ್ದು ಬಹಳ ಸ್ವಲ್ಪ.

ನೆಲಕ್ಕೂ ಇದೇ ಗತಿಯಾಯಿತೆನ್ನಬೇಕು. ಹುನಗುಂದ ಸೀಮೆಯ ಕೂಡಲಸಂಗಮದ ಹೆಸರನ್ನು ಅಂಕಿತದಲ್ಲಿ ಹೊತ್ತ ವಚನಸಾಹಿತ್ಯವು ‘ಬಯಲು’ ಎಂಬ ಮಾತನ್ನು ಅನುಭಾವದ ತುದಿಗೆ ಏರಿಸಿತು. ಅದು ಕನ್ನಡದ ಭಾಗ್ಯ. ಆದರೆ ಅಷ್ಟೆತ್ತರಕ್ಕೆ ಏರಿದ ಮಾತು, ಜಾಲಿ, ಬಾರಿಕಂಟಿ, ಕುರಿಹಿಂಡುಗಳ ಬಯಲಿಗೆ ಮರಳಿ ಇಳಿಯಲಿಲ್ಲ.

ಹೊಸಗನ್ನಡವು ಪ್ರಕೃತಿಯೆಂದರೆ ಮಲೆನಾಡೆಂದೇ ನಂಬಿತು. ‘ಕಾನೂರು ಹೆಗ್ಗಡಿತಿ’ (1936), ‘ಬೆಟ್ಟದ ಜೀವ’ (1943), ‘ಕರ್ವಾಲೊ’ (1980): ಮೂರೂ ಮಳೆಕಾಡಿನ ಮಕ್ಕಳು, ಮೂರೂ ಮಹತ್ತ್ವದ ಕೃತಿಗಳು. ತೇಜಸ್ವಿಯವರಿಂದ ದೂರದ ನೈಲ್ ನದಿಯ ಕಥೆಯೂ ನಮಗೆ ಕನ್ನಡದಲ್ಲಿ ದೊರೆಯಿತು. ಆ ಲೇಖಕರನ್ನು ದೂರುವುದು ಅನ್ಯಾಯ. ತಾವು ಬಾಳಿದ್ದನ್ನು, ತಮ್ಮನ್ನು ಕಾಡಿದ್ದನ್ನು ಅವರು ಬರೆದರು. ನನ್ನ ದೂರು ಬಯಲುಸೀಮೆಯ ನಮ್ಮ ಮೇಲೆಯೇ. ರಾವಬಹಾದ್ದೂರರ ‘ಗ್ರಾಮಾಯಣ’ (1957) ಈ ಕಡೆಯ ಹಳ್ಳಿಯ ಬದುಕನ್ನು ತೆರೆದಿಟ್ಟಿತು. ಊರ ಗಡಿಯಾಚೆಯ ಅಡವಿಗೆ ಅಂಥ ಗದ್ಯವನ್ನು ನಾವು ಕಟ್ಟಲಿಲ್ಲ. ಈ ವಿಷಯದಲ್ಲಿ ನಮ್ಮ ಹೆಣ್ಣುಮಕ್ಕಳೇ ಲೇಸು. ಇಳಕಲ್ ಸೀರೆಯ ಮೇಲೆ ಕಸೂತಿ ಹಾಕುವಾಗ ಅವರು ಚಿಗರಿಯನ್ನು ಕೋಡು, ಕಾಲು, ಬಾಲಗಳೊಂದಿಗೆ ಇಡಿಯಾಗಿ ತೆಗೆದರು.

ಇದು ಬರಿಯ ಸಾಹಿತ್ಯದ ಕೊರತೆಯಲ್ಲವೆಂದು ವಾಚಕರು ಗಮನಿಸಬೇಕು. ಹೆಸರಿಲ್ಲದ ನೆಲವನ್ನು ಸರಕಾರಿ ಕಾಗದವೂ ‘ಬಂಜರು’ ಎಂದೇ ಬರೆದುಕೊಳ್ಳುತ್ತದೆ. ಬಂಜರಾದ ಮೇಲೆ ಅದನ್ನು ಉತ್ತರೂ ಸರಿ, ಅಗೆದರೂ ಸರಿ, ಹುಲ್ಲು ಕಿತ್ತು ಸಾಲುಮರ ನೆಟ್ಟರೂ ಪುಣ್ಯವೇ. ಮಲೆನಾಡಿನ ಕಾಡು ಕಡಿದರೆ ಮರುಗುವವರು ಅನೇಕರು, ಏಕೆಂದರೆ ಅವರು ಅದನ್ನು ಓದಿದ್ದಾರೆ. ಹುಲ್ಲುಗಾವಲು ಹೋದರೆ ಯಾರು ಮರುಗಬೇಕು?

ಕಳೆದ ಚಳಿಗಾಲದಲ್ಲಿ ಅರಣ್ಯ ಇಲಾಖೆಯ ಅಪ್ಪಣೆ ಪಡೆದು ಆ ಮಿತ್ರರನ್ನೇ ಯಡಹಳ್ಳಿಗೆ ಕರೆದೊಯ್ದೆ. ಬಹಳ ಹೊತ್ತು ಏನೂ ಕಾಣಲಿಲ್ಲ. ಕೊನೆಗೆ ಹುಲ್ಲಿನ ಬಣ್ಣದ್ದೇ ಒಂದು ಮೈ ಕದಲಿತು. ಕಾಲು ಅಪ್ಪಳಿಸಿ, ಸೀನಿ, ಕಂಟಿಗಳ ಮರೆಗೆ ಹೋಯಿತು. ಮಿತ್ರರು ದಾರಿಯುದ್ದಕ್ಕೂ ಮಾತಾಡಲಿಲ್ಲ. ಮನೆಯ ಮುಂದೆ ಇಳಿಯುವಾಗ, “ಇದರ ಮ್ಯಾಲೆ ಕನ್ನಡದಾಗ ಒಂದು ಛಲೋ ಪುಸ್ತಕ ಇದ್ರ ಕೊಡ್ರಿ ಮಾಸ್ತರ” ಎಂದರು.

ಆ ರಾತ್ರಿ ನನ್ನ ಕಪಾಟನ್ನೆಲ್ಲ ಹುಡುಕಿದೆ. ಮರುದಿನ ಅವರ ಕೈಯಲ್ಲಿಟ್ಟದ್ದು ‘ಕರ್ವಾಲೊ’.