ರಾಜಮೌಳಿಯವರ ಚಿತ್ರಗಳು: ಗುಣದೋಷ ವಿವೇಚನೆ

1973ರಲ್ಲಿ ರಾಯಚೂರು ಜಿಲ್ಲೆಯಲ್ಲಿ ಹುಟ್ಟಿ ತೆಲುಗಿನಲ್ಲಿ ಹೆಸರಾದ ಶ್ರೀ ಎಸ್. ಎಸ್. ರಾಜಮೌಳಿಯವರ ಚಿತ್ರಗಳು ಬರಿಯ ಹಣದ ಆಡಂಬರವೆಂಬ ಮಾತುಂಟು. ಅದನ್ನು ನಾವು ಒಪ್ಪಲಾರೆವು. 2001ರ ‘ಸ್ಟೂಡೆಂಟ್ ನಂ. 1’ರಿಂದ ಬಂಡವಾಳ ಬೆಳೆದಂತೆ ಅವರ ಕಥನದ ಹದವೂ ಬೆಳೆದಿದೆ.

2012ರ ‘ಈಗ’ ಚಿತ್ರವನ್ನು ನೋಡಬಹುದು. ಕೊಲೆಯಾದ ಯುವಕನು ನೊಣವಾಗಿ ಹುಟ್ಟಿ ಹಗೆ ತೀರಿಸುತ್ತಾನೆ. ನೊಣಕ್ಕೆ ಮಾತಿಲ್ಲ; ಅದರ ಬಲವನ್ನು ನಾವು ಅರಿಯುವುದು ಎದುರಾಳಿಯಾದ ಕನ್ನಡ ನಟ ಸುದೀಪರ ಮುಖದ ಅಂಜಿಕೆಯಿಂದ. 2017ರ ‘ಬಾಹುಬಲಿ’ ಎರಡನೆಯ ಭಾಗದಲ್ಲಿಯೂ ಇದೇ ಉಪಾಯ. ಪಟ್ಟಾಭಿಷೇಕ ಭಲ್ಲಾಳದೇವನಿಗೆ, ಪ್ರಜೆಗಳ ಜಯಘೋಷ ಬಾಹುಬಲಿಗೆ! ಕತ್ತಿ ಹಿರಿಯದೆಯೇ ನಾಯಕನು ಗೆಲ್ಲುತ್ತಾನೆ.

ಆದರೆ 2022ರ ‘ಆರ್‌ಆರ್‌ಆರ್’ ಕುರಿತು ಅಧ್ಯಾಪಕರಾದ ನಮಗೆ ಆಕ್ಷೇಪವುಂಟು. ಅಲ್ಲೂರಿ ಸೀತಾರಾಮರಾಜು 1924ರಲ್ಲಿ, ಕೊಮರಂ ಭೀಮ್ 1940ರಲ್ಲಿ ಮಡಿದವರು. ಇವರಿಬ್ಬರ ಸ್ನೇಹವು ಕಲ್ಪನೆ. ಅದು ಕಲಾವಿದನಿಗೆ ಸಲ್ಲತಕ್ಕ ಸ್ವಾತಂತ್ರ್ಯ. ಆದರೆ ಗೊಂಡರ ಭೀಮ್ ಹೋರಾಡಿದ್ದು ನಿಜಾಮನ ಆಡಳಿತದೊಡನೆ. ಚಿತ್ರದಲ್ಲಿ ಆ ಹೋರಾಟವೇ ಕಾಣುವುದಿಲ್ಲ. ಅದಕ್ಕಿಂತ ನೋವಿನ ಸಂಗತಿ ಕೊನೆಯಲ್ಲಿದೆ: ಭೀಮನು ರಾಜುವಿನಲ್ಲಿ ವಿದ್ಯೆ ಬೇಡುತ್ತಾನೆ, ‘ನೀರು, ಕಾಡು, ನೆಲ’ ಎಂಬ ಭೀಮನದೇ ಘೋಷವನ್ನು ರಾಜು ಅವನಿಗೆ ಬರೆದುಕೊಡುತ್ತಾನೆ. ಒಂದು ಜನಾಂಗದ ಮಾತು ಇಲ್ಲಿ ಇನ್ನೊಬ್ಬರ ದಾನವಾಗಿದೆ.

2023ರಲ್ಲಿ ಇದೇ ಚಿತ್ರದ ‘ನಾಟು ನಾಟು’ ಹಾಡಿಗೆ ಆಸ್ಕರ್ ಬಂದುದು ಸಂತೋಷವೇ. ಮಕ್ಕಳು ಚಿತ್ರವನ್ನು ನೋಡಿ ನಲಿಯಲಿ. ಮರುದಿನ ತರಗತಿಯಲ್ಲಿ ಭೀಮರ ನಿಜವಾದ ಹೋರಾಟವನ್ನು ಹೇಳುವ ಹೊಣೆ ನಮ್ಮದು.